ಛಾಪಾ ಕಾಗದದಿಂದ ಮದುವೆ ಬಿಡುಗಡೆಯಾಗದು

ಡಾಬಕಾ, ಔರಾದ, ಭಾಲ್ಕಿ ಕಡೆಯ ಊರುಗಳಲ್ಲಿ ಸತಿಪತಿಗಳ ನಡುವೆ ವಿರಸ ಬೆಳೆದಾಗ ಮೊದಲು ಕೂಡುವುದು ಹಿರಿಯರ ಪಂಚಾಯಿತಿ. ಬೀಗರು ಎದುರುಬದುರು ಕುಳಿತು, ಕೊಟ್ಟು ತಂದದ್ದರ ಲೆಕ್ಕ ಮುಗಿಸಿ, ಇನ್ನು ಇಬ್ಬರಿಗೂ ಸಂಬಂಧವಿಲ್ಲವೆಂದು ಛಾಪಾ ಕಾಗದದ ಮೇಲೆ ಬರೆಯಿಸಿ ಸಹಿ ಹಾಕಿಸುವುದುಂಟು. ಸೋಡಚೀಟಿ ಎಂದು ಜನ ಕರೆಯುವುದು ಇದನ್ನೇ. ಆ ಕಾಗದವನ್ನು ನಂಬಿ ಮಗಳನ್ನು ಇನ್ನೊಂದು ಮನೆಗೆ ಕೊಡಹೊರಟ ತಂದೆತಾಯಿಗಳನ್ನು ನೆನೆದು ನಾವು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ನಮಗೆ ಅನ್ವಯಿಸುವ ಕಾನೂನು ಯಾವುದು?

1955ರ ಹಿಂದೂ ವಿವಾಹ ಅಧಿನಿಯಮದ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಆದ್ದರಿಂದ ನಮ್ಮ ಮನೆಗಳ ವಿಚ್ಛೇದನವೂ ಅದರಂತೆಯೇ ಆಗಬೇಕು. ರೂಢಿಯಿಂದ ಬಂದ ಬಿಡುಗಡೆಯನ್ನು 29ನೆಯ ಕಲಮು ಉಳಿಸಿದೆ, ನಿಜ. ಆದರೆ ಅಂಥ ರೂಢಿ ಬಹುಕಾಲದಿಂದ ಅಖಂಡವಾಗಿ ನಡೆದುಬಂದಿದೆ ಎಂದು ಸಾಕ್ಷ್ಯಸಹಿತ ಸಾಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಸ್ಪಷ್ಟಪಡಿಸಿದೆ. ಸಾಧಿಸಲಾಗದಿದ್ದರೆ ಮೊದಲ ಮದುವೆ ಊರ್ಜಿತವಾಗಿಯೇ ಉಳಿಯುತ್ತದೆ; ಎರಡನೆಯದು ಶೂನ್ಯವಾಗುತ್ತದೆ. ಅಷ್ಟೇ ಅಲ್ಲ, ಏಳು ವರ್ಷಗಳವರೆಗೆ ಶಿಕ್ಷೆಯಾಗಬಲ್ಲ ಅಪರಾಧವೂ ಆಗುತ್ತದೆ.

ಇಬ್ಬರೂ ಒಪ್ಪಿದರೆ?

ಒಂದು ವರ್ಷ ಬೇರೆಯಾಗಿ ಬಾಳಿದ ದಂಪತಿಗಳು 13-ಬಿ ಕಲಮಿನಂತೆ ಕೂಡಿ ಅರ್ಜಿ ಸಲ್ಲಿಸಬಹುದು. ಬಳಿಕ ಆರು ತಿಂಗಳು ಕಾಯಬೇಕು. ಯೋಗ್ಯ ಪ್ರಕರಣಗಳಲ್ಲಿ ಈ ಅವಧಿಯನ್ನು ಬಿಟ್ಟುಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದು 2017ರಲ್ಲಿ ತೀರ್ಪಾಗಿದೆ. ತೀರ್ಪು ಹೊರಬೀಳುವವರೆಗೂ ಯಾರೊಬ್ಬರಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಒಬ್ಬರು ಒಪ್ಪದಿದ್ದರೆ ಕ್ರೌರ್ಯ, ಪರಸಂಗ, ಎರಡು ವರ್ಷಗಳ ಪರಿತ್ಯಾಗ ಮೊದಲಾದ ಕಾರಣವನ್ನು ರುಜುವಾತುಪಡಿಸಬೇಕು.

ಅರ್ಜಿ ಎಲ್ಲಿ ಸಲ್ಲಿಸಬೇಕು?

ನಮ್ಮದು ಗಡಿಸೀಮೆ. 1956ರಲ್ಲಿ ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀಗತನ ಮಾತ್ರ ಹಂಚಿಹೋಗಲಿಲ್ಲ. ಉದಗೀರ, ದೇಗಲೂರ, ಜಹೀರಾಬಾದಗಳಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಮರಳಿದಾಗ, ಗಂಡನ ಊರಿಗೇ ಅಲೆಯಬೇಕೆಂದು ಅಂಜಬೇಕಾಗಿಲ್ಲ. ಹೆಂಡತಿ ತಾನು ವಾಸಿಸುವ ಸ್ಥಳದ ಅಧಿಕಾರವ್ಯಾಪ್ತಿಯ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಲು 2003ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಪ್ರಕರಣ ನಡೆದಿರುವಾಗಲೇ ಮಧ್ಯಂತರ ಜೀವನಾಂಶವನ್ನೂ ದಾವೆಯ ಖರ್ಚನ್ನೂ 24ನೆಯ ಕಲಮಿನಂತೆ ಕೇಳಬಹುದು. ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರವನ್ನು ಇಬ್ಬರೂ ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ವಿಧಿಸಿದೆ.

ವಕೀಲರೊಡನೆ ಹೇಗೆ ನಡೆದುಕೊಳ್ಳಬೇಕು?

ಮೊದಲ ಭೇಟಿಗೆ ಲಗ್ನಪತ್ರಿಕೆ, ಮದುವೆಯ ಭಾವಚಿತ್ರ, ಮಕ್ಕಳ ಜನನಪತ್ರ, ಬಂಗಾರ ಕೊಂಡ ರಸೀದಿಗಳನ್ನು ಒಯ್ಯಿರಿ. ನಡೆದ ಘಟನೆಗಳನ್ನು ತಾರೀಖಿನ ಕ್ರಮದಲ್ಲಿ ಬರೆದಿಟ್ಟುಕೊಳ್ಳಿರಿ. ನಿಮಗೆ ಕುಂದಾಗುವ ಸಂಗತಿಯನ್ನೂ ಮುಚ್ಚಿಡಬೇಡಿರಿ. ಕಕ್ಷಿದಾರರ ಮಾತನ್ನು ಗುಟ್ಟಾಗಿಡುವುದು ವಕೀಲರ ಕರ್ತವ್ಯ. ಬರಿದಾದ ಕಾಗದಕ್ಕೆ ಸಹಿ ಹಾಕಬೇಡಿರಿ. ಅರ್ಜಿಯನ್ನು ಓದಿಸಿ ಕೇಳಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಶುಲ್ಕವನ್ನು ಮೊದಲೇ ಮಾತಾಡಿ ರಸೀದಿ ಪಡೆಯಿರಿ. ಬಂದ ಜೀವನಾಂಶದಲ್ಲಿ ಪಾಲು ಕೇಳುವುದು ವಕೀಲವೃತ್ತಿಯ ನಿಯಮಕ್ಕೆ ವಿರುದ್ಧ. ಶುಲ್ಕ ಬಾಕಿಯಿದೆಯೆಂದು ಕಡತವನ್ನು ತಡೆಹಿಡಿಯುವಂತಿಲ್ಲ ಎಂದು 2000ದಲ್ಲಿ ತೀರ್ಪಾಗಿದೆ. ಶುಲ್ಕ ಕೊಡುವ ಶಕ್ತಿಯಿಲ್ಲವೆಂದು ಸುಮ್ಮನಿರುವುದೂ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಬೀದರಿನ ಜಿಲ್ಲಾ ಪ್ರಾಧಿಕಾರದಲ್ಲಿ ಇದಕ್ಕಾಗಿ ಅರ್ಜಿ ಕೊಡಬಹುದು.

ತೀರ್ಪು ಬಂದ ಮರುದಿನವೇ ಮರುಮದುವೆಗೆ ಮುಹೂರ್ತ ನೋಡಬಾರದು. ಮೇಲ್ಮನವಿ ಸಲ್ಲಿಸುವ ಅವಧಿ ಕಳೆದಿರಬೇಕು. ಮೇಲ್ಮನವಿ ಸಲ್ಲಿಕೆಯಾಗಿದ್ದರೆ ಅದೂ ವಜಾ ಆಗಿರಬೇಕು.

ಮುರಿದ ಮನಸ್ಸುಗಳನ್ನು ಕೂಡಿಸಲು ಹಿರಿಯರು ಯತ್ನಿಸುವುದು ಒಳ್ಳೆಯದೇ. ನ್ಯಾಯಾಲಯವೂ ಮೊದಲು ಅದನ್ನೇ ಮಾಡಿನೋಡುತ್ತದೆ. ಆದರೆ ಹೊಡೆತಬಡಿತವಿರುವ ಮನೆಗೆ ಮಗಳನ್ನು ಮರಳಿ ಕಳಿಸುವುದು ರಾಜಿಯಲ್ಲ. ಕೂಡಿಸಲಾಗದಿದ್ದಾಗ ಪಂಚರು ಛಾಪಾ ಕಾಗದ ತರಿಸುವ ಬದಲು ಆ ದಂಪತಿಗಳಿಗೆ ನ್ಯಾಯಾಲಯದ ದಾರಿ ತೋರಿಸಲಿ. ಮಗಳ ಮುಂದಿನ ಬಾಳಿಗೆ ಅದೇ ಕಾವಲು ಎಂದು ನಾವು ನಂಬಿದ್ದೇವೆ.