ಸಕ್ಕರೆ ಕಾಯಿಲೆ ಇರುವ ಹೈನುಗಾರರು ಬೆಳಿಗ್ಗೆ ಏನು ತಿನ್ನಬೇಕು?



ಪ್ರತಿ ಸಲ ರಾಸುಗಳ ಮೇವು, ಹಿಂಡಿಯ ವಿಚಾರ ತಿಳಿಸುತ್ತಿದ್ದೆವು. ಈ ಸಲ ರಾಸು ಸಾಕುವವರ ಆಹಾರದ ಬಗ್ಗೆ ತಿಳಿಯೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಸಂಘಗಳಿಗೆ ಹೋದಾಗ, "ಸಾಹೇಬ್ರೇ, ನನಗೆ ಶುಗರ್ ಐತಿ, ಮುಂಜಾನಿ ಏನ್ ತಿನ್ಲಿ?" ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಅಂದಾಜು ಮಾಡಿದೆ. ಮಾತ್ರೆ, ಇಂಜೆಕ್ಷನ್ ವಿಷಯ ನಿಮ್ಮ ವೈದ್ಯರಿಗೆ ಸೇರಿದ್ದು. ತಿಂಡಿಯ ಲೆಕ್ಕ ಮಾತ್ರ ಇಲ್ಲಿ ಹೇಳುತ್ತೇನೆ.

ಕಾಳಿನ ಚೀಲಕ್ಕೆ ಬಾಯಿ ಹಾಕಿದ ಹಸು ಏನಾಗುತ್ತದೆಂದು ನಿಮಗೆ ಗೊತ್ತು. ಪಿಷ್ಟ ಒಮ್ಮೆಲೇ ಹೊಟ್ಟೆ ಸೇರಿ, ಆಮ್ಲತೆಯಾಗಿ ಹಸು ಮಲಗಿಬಿಡುತ್ತದೆ. ಅದಕ್ಕೇ ಒಣಮೇವಿನ ಜೊತೆ ಹಿಂಡಿಯನ್ನು ಅಳತೆ ಮಾಡಿ ಕೊಡುತ್ತೇವೆ. ಮನುಷ್ಯನ ಹೊಟ್ಟೆ ಬೇರೆ, ಕಾಯಿಲೆಯೂ ಬೇರೆ. ಆದರೆ ನಾರು ಜೊತೆಗಿರಲಿ, ಪಿಷ್ಟ ಅಳತೆಯಲ್ಲಿರಲಿ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಮಂಡಕ್ಕಿ, ಮಿರ್ಚಿ ಮತ್ತು ಚಹಾ

ಡೇರಿಗೆ ಹಾಲು ಹಾಕಿ, ಹೋಟೆಲ್ಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿಯುವುದು ನಮ್ಮ ಕಡೆಯ ರೂಢಿ. ಮಂಡಕ್ಕಿ ಹಗುರ, ತಿಂದರೆ ಏನಾಗುತ್ತದೆ ಎನ್ನುವವರಿದ್ದಾರೆ. ತೂಕ ಹಗುರವಾದರೂ ಅದು ಅಕ್ಕಿಯೇ. ಅರಳಿದ ಅಕ್ಕಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಎರಡು ಚಮಚ ಸಕ್ಕರೆ ಹಾಕಿದ ಚಹಾ ಮೂರು ಸಲ ಕುಡಿದರೆ ಸುಮಾರು 30 ಗ್ರಾಂ ಸಕ್ಕರೆ ಹೊಟ್ಟೆ ಸೇರುತ್ತದೆ. ಬೆಲ್ಲ ಹಾಕಿದರೂ ವ್ಯತ್ಯಾಸವಿಲ್ಲ.

ಮನೆಯಲ್ಲೇ ಇರುವ ಒಳ್ಳೆಯ ತಿಂಡಿ

100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹೀಗಾಗಿ ಒಂದೆರಡು ಜೋಳದ ರೊಟ್ಟಿ, ತಟ್ಟೆಯ ಅರ್ಧದಷ್ಟು ಪುಂಡಿ, ಮೆಂತ್ಯ ಅಥವಾ ಬದನೆ ಪಲ್ಯ, ಒಂದು ಬಟ್ಟಲು ಹೆಸರು, ಹುರುಳಿ ಅಥವಾ ಅಲಸಂದಿ ಕಾಳು, ಸ್ವಲ್ಪ ಶೇಂಗಾ ಚಟ್ನಿ ಇದ್ದರೆ ಒಳ್ಳೆಯ ತಿಂಡಿಯಾಯಿತು. ಬೇಸರವಾದರೆ ಬಹಳ ತರಕಾರಿ ಹಾಕಿದ ನವಣೆ ಉಪ್ಪಿಟ್ಟು ಮಾಡಿಕೊಳ್ಳಿ. ಸಿರಿಧಾನ್ಯವೆಂದು ಅಳತೆ ಮೀರಬಾರದು. ಅದರಲ್ಲೂ ಪಿಷ್ಟವಿದೆ. ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿ, ಗಂಜಿ ರೊಟ್ಟಿಗಿಂತ ಬೇಗ ಸಕ್ಕರೆ ಏರಿಸುತ್ತವೆ. ಮೂತ್ರಪಿಂಡದ ತೊಂದರೆ ಇರುವವರು ಕಾಳಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಿರಿ.

ಹಾಲು ಕುಡಿಯಬಹುದೇ?

ಕುಡಿಯಬಹುದು. ಡೇರಿಯಲ್ಲಿ ನೀವು ಕೇಳುವ ಎಸ್.ಎನ್.ಎಫ್. 8.5ರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಹಾಲಿನದೇ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಒಂದು ಲೋಟ ಹಾಲಿನಲ್ಲಿ ಅದು ಸುಮಾರು 10 ಗ್ರಾಂ ಇರುತ್ತದೆ. ಆದ್ದರಿಂದ ಮೇಲೆ ಸಕ್ಕರೆ ಬೇಡ. ಎಮ್ಮೆ ಹಾಲಾದರೆ ಕೆನೆ ತೆಗೆಯಿರಿ. ಬೆಣ್ಣೆ ತೆಗೆದ ಮಜ್ಜಿಗೆ ಇನ್ನೂ ಉತ್ತಮ. ಇದ್ದ ಹಾಲನ್ನೆಲ್ಲ ಡೇರಿಗೆ ಹಾಕದೆ ಮನೆಮಂದಿಗೂ ಸ್ವಲ್ಪ ಉಳಿಸಿಕೊಳ್ಳಿ.

ಹೊತ್ತು ತಪ್ಪಿದರೆ ಅಪಾಯ

ನಸುಕಿನಲ್ಲೆದ್ದು, ಮಾತ್ರೆ ನುಂಗಿ, ಸಗಣಿ ಬಾಚಿ, ಹಾಲು ಹಿಂಡಿ, ಡೇರಿಗೆ ಹೋಗಿ, ಅಲ್ಲಿಂದ ಹೊಲಕ್ಕೆ ಹೋಗಿ ಹತ್ತು ಗಂಟೆಗೆ ಬುತ್ತಿ ಬಿಚ್ಚುವವರು ನಮ್ಮಲ್ಲಿ ಬಹಳ. ಹೆಣ್ಣುಮಕ್ಕಳಂತೂ ಎಲ್ಲರೂ ಉಂಡ ಮೇಲೆಯೇ ಉಣ್ಣುತ್ತಾರೆ. ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್ ತೆಗೆದುಕೊಂಡು ಉಪವಾಸವಿದ್ದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಮಂಕು ಕವಿಯುವುದು ಇದರ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಸಿ, ನಂತರ ಊಟ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ನಿಮ್ಮ ಕೆಲಸದ ಹೊತ್ತನ್ನು ವೈದ್ಯರಿಗೆ ಬಿಡಿಸಿ ಹೇಳಿ, ಮಾತ್ರೆ ಯಾವಾಗ, ಊಟ ಯಾವಾಗ ಎಂದು ಕೇಳಿ ಬರೆಸಿಕೊಳ್ಳಿ. ನೀವಾಗಿ ಮಾತ್ರೆ ಬಿಡಬೇಡಿ, ಹೆಚ್ಚಿಸಲೂಬೇಡಿ.

ಕೊನೆಯದಾಗಿ, ಹಾಲನ್ನು ಕಣ್ಣಿನಿಂದ ನೋಡಿ ಫ್ಯಾಟ್ ಹೇಳಲಾಗದು, ಪರೀಕ್ಷಿಸಲೇಬೇಕು. ರಕ್ತದ ಸಕ್ಕರೆಯೂ ಹಾಗೆಯೇ. ಒಂದು ದಿನ ಮಂಡಕ್ಕಿ ತಿಂದು, ಇನ್ನೊಂದು ದಿನ ರೊಟ್ಟಿ-ಕಾಳು ತಿಂದು, ಎರಡು ಗಂಟೆಯ ನಂತರ ಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ 180ರೊಳಗೆ ಇರಬೇಕು. 30 ವರ್ಷ ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಪಾಸಣೆ ಉಚಿತ. ರಾಸುವಿನ ಆರೋಗ್ಯಕ್ಕೆ ತೋರಿಸುವ ಕಾಳಜಿಯನ್ನು ನಿಮ್ಮ ಮೇಲೂ ತೋರಿಸಿಕೊಳ್ಳಿ. ನೀವು ಮಲಗಿದರೆ ಕೊಟ್ಟಿಗೆಯೂ ಬರಿದಾಗುತ್ತದೆ.