ಜಪಾನಿಗೆ ಹೋಗುವವರಿದ್ದಾರೆ, ಹೊಳೆಆಲೂರಿಗೆ ಬರುವವರು ಯಾರು?

ಗದಗ ಜಿಲ್ಲೆ ರೋಣ ತಾಲ್ಲೂಕಿನ ಹೊಳೆಆಲೂರಿನಲ್ಲಿ ಜ್ಞಾನಸಿಂಧು ಎಂಬ ಅಂಧ ಮಕ್ಕಳ ವಸತಿ ಶಾಲೆಯಿದೆ. ಅಲ್ಲಿನ ಮಕ್ಕಳು ಮಲ್ಲಕಂಬ ಏರುತ್ತಾರೆ. ನೆಲದಿಂದ ಎರಡೂವರೆ ಮೀಟರಿನಷ್ಟು ಎತ್ತರ ನಿಲ್ಲುವ ಮಲ್ಲಕಂಬ ಬುಡದಲ್ಲಿ ದಪ್ಪಗಿದ್ದು ಮೇಲೆ ಹೋದಂತೆ ಸಣ್ಣದಾಗುತ್ತದೆ. ತುದಿಗೆ ಸಣ್ಣ ಕುತ್ತಿಗೆ, ಅದರ ಮೇಲೊಂದು ಗುಂಡು. ಚರ್ಮ ಉಜ್ಜಿ ಸುಲಿಯದಿರಲೆಂದು ಕಂಬಕ್ಕೆ ಔಡಲ ಎಣ್ಣೆ ಸವರಿರುತ್ತಾರೆ. ಆ ಎಣ್ಣೆಯೇ ಜಾರಿಸುವುದೂ ಹೌದು. ಕಣ್ಣಿರುವ ಹುಡುಗ ತುದಿಯನ್ನು ನೋಡಿಕೊಂಡು ಏರುತ್ತಾನೆ. ಕಣ್ಣಿಲ್ಲದವನಿಗೆ ಕಂಬದ ದಪ್ಪವೇ ಅಳತೆಗೋಲು. ತೊಡೆಗಳ ನಡುವಿನ ಹಿಡಿತ ಕಿರಿದಾದಷ್ಟೂ ತಾನು ಮೇಲೆ ಬಂದಿದ್ದೇನೆಂದು ಮೈಗೆ ತಿಳಿಯುತ್ತದೆ, ಕುತ್ತಿಗೆ ಕೈಗೆ ಸಿಕ್ಕರೆ ತುದಿ ಬಂತೆಂದು ಅರ್ಥ. ತಲೆ ಕೆಳಗಾಗಿ ನೇತಾಡುವಾಗಲೂ ನೆಲ ಎಲ್ಲಿದೆ ಎಂಬುದನ್ನು ಆ ಮರದ ತುಂಡೇ ಹೇಳುತ್ತಿರುತ್ತದೆ. ಸ್ಪರ್ಶದಿಂದಲೇ ಕಲಿಯಬಹುದಾದ ಇಂಥ ವಿದ್ಯೆಯನ್ನು ಅಂಧ ಮಕ್ಕಳಿಗೆ ಕಲಿಸಬಹುದೆಂದು ಮೊದಲು ಯೋಚಿಸಿದವರ ಬುದ್ಧಿಗೆ ಕೈಮುಗಿಯಬೇಕು. ರಾಜ್ಯದ ಹಲವು ವೇದಿಕೆಗಳಲ್ಲಿ ಈ ಮಕ್ಕಳು ಕಂಬವೇರಿ ತೋರಿಸಿದ್ದಾರೆ. ವಿದ್ಯಾರ್ಥಿ ವಿನಿಮಯದ ಹೆಸರಿನಲ್ಲಿ ಶಾಲೆಯ ಮಕ್ಕಳನ್ನು ವಿದೇಶಕ್ಕೆ ಕಳಿಸುವ ಯೋಜನೆಗಳನ್ನು ಗಮನಿಸುವಾಗಲೆಲ್ಲ ಈ ಕಂಬ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಇದನ್ನು ಕಲಿಯಲು ಹೊರದೇಶದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹೊಳೆಆಲೂರಿಗೆ ಕರೆಸುವ ಯೋಚನೆ ಏಕೆ ಬಂದಿಲ್ಲ?

ಈಗ ನಡೆಯುತ್ತಿರುವುದನ್ನು ಕಡೆಗಣಿಸುವ ಮಾತಲ್ಲ ಇದು. ಜಪಾನಿನ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 2014ರಲ್ಲಿ ಆರಂಭಿಸಿದ ಸಕುರಾ ವಿಜ್ಞಾನ ಕಾರ್ಯಕ್ರಮಕ್ಕೆ ಭಾರತ 2016ರಲ್ಲಿ ಸೇರಿತು. ನಮ್ಮ ಸರ್ಕಾರಿ ಶಾಲೆಗಳಿಗೆ ಅದರ ಬಾಗಿಲು ಇನ್‌ಸ್ಪೈರ್–ಮಾನಕ್ ಪ್ರಶಸ್ತಿಯ ಮೂಲಕ ತೆರೆಯಿತು. 6ರಿಂದ 10ನೇ ತರಗತಿಯ ಮಕ್ಕಳಿಗಾಗಿ ಶುರುವಾದ ಈ ಯೋಜನೆಯಲ್ಲಿ ಹೊಸ ಐಡಿಯಾ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಜಿಲ್ಲೆ, ರಾಜ್ಯ, ರಾಷ್ಟ್ರಮಟ್ಟದ ಪ್ರದರ್ಶನ ದಾಟಿದವರಲ್ಲಿ ಕೆಲವರಿಗೆ ಜಪಾನ್ ಪ್ರವಾಸ ದಕ್ಕುತ್ತದೆ. ಪಾಸ್‌ಪೋರ್ಟ್ ಎಂದರೇನೆಂದು ಮನೆಯಲ್ಲಿ ಯಾರೂ ಕೇಳಿರದ ಮಕ್ಕಳೂ ಈ ದಾರಿಯಲ್ಲಿ ವಿಮಾನ ಹತ್ತಬಹುದು. ಅದು ದೊಡ್ಡ ಮಾತೇ. ಆದರೆ ಪ್ರವಾಸ ಸುಮಾರು ಒಂದು ವಾರದ್ದು. ವಿಶ್ವವಿದ್ಯಾಲಯ, ಪ್ರಯೋಗಾಲಯ, ವಸ್ತುಸಂಗ್ರಹಾಲಯ, ನೊಬೆಲ್ ವಿಜ್ಞಾನಿಯ ಉಪನ್ಯಾಸ, ಒಂದು ಹೈಸ್ಕೂಲಿನ ಭೇಟಿ, ಇಷ್ಟರಲ್ಲಿ ಅದು ಮುಗಿಯುತ್ತದೆ. ಹೋದವರು ನೋಡಿ ಬರುತ್ತಾರೆ, ಊರವರು ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಜಪಾನಿನ ಆ ಹೈಸ್ಕೂಲಿನ ಹುಡುಗ ಮಾತ್ರ ಈ ಕಡೆ ಬರುವುದಿಲ್ಲ. ಒಂದೇ ಕಡೆಯಿಂದ ನಡೆಯುವುದು ಪ್ರವಾಸ, ಬಹುಮಾನ, ಅನುಗ್ರಹ ಏನು ಬೇಕಾದರೂ ಆದೀತು. ಅದು ವಿನಿಮಯವಾಗಬೇಕಾದರೆ ನಮ್ಮ ಕಡೆಯ ಮನೆಯೊಂದರ ಬಾಗಿಲೂ ತೆರೆಯಬೇಕು. ಪೂರ್ಣ ವಿನಿಮಯಕ್ಕೆ ಬೇಕಾದುದೆಲ್ಲ ಹೊಳೆಆಲೂರಿನಂಥ ಊರಿನಲ್ಲಿದೆ, ಇಲ್ಲದಿರುವುದು ಬರಮಾಡಿಕೊಳ್ಳುವ ವ್ಯವಸ್ಥೆಯೊಂದೇ.

ವಿನಿಮಯದ ಕಲ್ಪನೆ ಹುಟ್ಟಿದ್ದೇ ಮನೆಯಿಂದ, ಪ್ರಯೋಗಾಲಯದಿಂದಲ್ಲ. ಎಎಫ್‌ಎಸ್ ಎಂಬ ಸಂಸ್ಥೆ ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕನ್ ಆಂಬುಲೆನ್ಸ್ ಸ್ವಯಂಸೇವಕರ ದಳವಾಗಿ ಹುಟ್ಟಿದ್ದು. ಎರಡು ಯುದ್ಧಗಳ ಹೆಣ ಕಂಡ ಆ ಚಾಲಕರು 1947ರಲ್ಲಿ ಹೈಸ್ಕೂಲ್ ಮಕ್ಕಳ ವಿನಿಮಯ ಶುರುಮಾಡಿದರು. ಮೊದಲ ವರ್ಷ 10 ದೇಶಗಳ 52 ಮಕ್ಕಳು ಅಮೆರಿಕಕ್ಕೆ ಬಂದರು. ರೋಟರಿಯ ಯುವ ವಿನಿಮಯ ಅದಕ್ಕೂ ಹಳೆಯದು, 1920ರ ದಶಕದ ಯುರೋಪಿನಲ್ಲಿ ಮೊಳೆತದ್ದು. ಎರಡರಲ್ಲೂ ಮೂಲ ನಿಯಮ ಒಂದೇ: ಬಂದ ಹುಡುಗ ಹೋಟೆಲಿನಲ್ಲಿ ಇಳಿಯುವುದಿಲ್ಲ. ಯಾರದೋ ಮನೆಯಲ್ಲಿ ಮಗನಂತೆ ಇರುತ್ತಾನೆ, ಅದೇ ಊರಿನ ಶಾಲೆಗೆ ಹೋಗುತ್ತಾನೆ, ಆ ಮನೆಯ ಕೆಲಸದಲ್ಲಿ ಕೈಗೂಡಿಸುತ್ತಾನೆ. ರೋಟರಿಯಲ್ಲಿ ವರ್ಷದ ವಿನಿಮಯಕ್ಕೆ ಹೋದವನು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸರದಿಯಂತೆ ಇರಬೇಕಾಗುತ್ತದೆ. ಜಪಾನಿಗೆ ಹೋಗಿಬಂದ ಮಕ್ಕಳ ಅನುಭವವನ್ನು ಕೇಳಿ ನೋಡಿ. ಕಟ್ಟಡಗಳ ಹೆಸರು ಬೇಗ ಮರೆತಿರುತ್ತಾರೆ. ಅಲ್ಲಿನ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸಿ ಒರೆಸಿದ್ದು, ಮಧ್ಯಾಹ್ನದ ಊಟವನ್ನು ಸರದಿಯಲ್ಲಿ ಬಡಿಸಿದ್ದು ನೆನಪಿನಲ್ಲಿರುತ್ತದೆ. ನೆನಪಿನಲ್ಲಿ ಉಳಿಯುವುದು ದಿನಚರಿ. ಅದು ನಮ್ಮಲ್ಲೂ ಇದೆಯಲ್ಲ.

ಹಳ್ಳಿಯಲ್ಲಿ ಏನಿದೆ ಎನ್ನುವವರಿಗೆ ಜಪಾನೇ ಉತ್ತರ ಕೊಟ್ಟಿದೆ. 2007ರಲ್ಲಿ ಆ ದೇಶ ಜೆನೆಸಿಸ್ ಎಂಬ ಯುವ ವಿನಿಮಯ ಯೋಜನೆ ಘೋಷಿಸಿ, ಐದು ವರ್ಷ ಕಾಲ ವರ್ಷಕ್ಕೆ 6,000 ತರುಣರನ್ನು ಕರೆಸುವ ಗುರಿ ಇಟ್ಟುಕೊಂಡಿತು. ಹೀಗೆ ಬಂದವರನ್ನು ಅವರು ಟೋಕಿಯೊದಲ್ಲೇ ಇಟ್ಟುಕೊಳ್ಳುವುದಿಲ್ಲ, ದೂರದ ಪ್ರಾಂತ್ಯಗಳಿಗೆ ಕರೆದೊಯ್ದು ಸಾಮಾನ್ಯರ ಮನೆಗಳಲ್ಲಿ ಉಳಿಸುತ್ತಾರೆ. ಇದಕ್ಕಿಂತ ಸೊಗಸಾದ ಉದಾಹರಣೆ ಕ್ಯೂಶು ದ್ವೀಪದ ಓಯಿತಾ ಪ್ರಾಂತ್ಯದ ಅಜಿಮು. ದ್ರಾಕ್ಷಿ ಬೆಳೆಯುವ ಆ ಊರಿನ ರೈತರು 1996ರಲ್ಲಿ ಸಂಘ ಕಟ್ಟಿಕೊಂಡು ಪಟ್ಟಣದ ಮಂದಿಯನ್ನು, ಶಾಲಾ ಪ್ರವಾಸದ ಮಕ್ಕಳನ್ನು ತಮ್ಮ ಮನೆಗಳಲ್ಲಿ ಉಳಿಸಿಕೊಳ್ಳತೊಡಗಿದರು. ಒಂದು ರಾತ್ರಿ ಉಳಿದವನು ದೂರದ ನೆಂಟ, ಹತ್ತು ಸಲ ಬಂದವನು ಖಾಸಾ ನೆಂಟ ಎಂಬುದು ಅಲ್ಲಿಯವರ ಲೆಕ್ಕ. ಲಾಡ್ಜಿಂಗಿಗೆ ಇರುವ ಕಾನೂನೆಲ್ಲ ರೈತನ ಮನೆಗೂ ಅನ್ವಯಿಸುತ್ತದೆಂಬ ತಕರಾರು ಅಲ್ಲೂ ಬಂತು. 2002ರಲ್ಲಿ ಪ್ರಾಂತ್ಯದ ಸರ್ಕಾರವೇ ನಿಯಮ ಸಡಿಲಿಸಿತು. ಅತಿಥಿಗೆಂದು ಪ್ರತ್ಯೇಕ ಕೋಣೆ ಕಟ್ಟಿಸಲಿಲ್ಲ, ಇದ್ದ ಮನೆಯಲ್ಲೇ ಹಾಸಿಗೆ ಹಾಸಿದರು. ಜಪಾನಿನಿಂದ ನಾವು ತರಬೇಕಾದ ತಂತ್ರಜ್ಞಾನಗಳಲ್ಲಿ ಇದೂ ಒಂದು ಎಂದು ಧೈರ್ಯವಾಗಿ ಹೇಳಬಹುದು.

ತರಬೇಕೆನ್ನುವುದೂ ಪೂರ್ತಿ ಸರಿಯಲ್ಲ, ಏಕೆಂದರೆ ಇದರ ಬೇರು ನಮ್ಮಲ್ಲೇ ಇದೆ. ವಾರಾನ್ನ ಉಂಡು ಓದಿದವರ ಕಥೆ ಧಾರವಾಡ ಸೀಮೆಯ ಹಿರಿಯ ತಲೆಮಾರಿನಲ್ಲಿ ಬೇಕಾದಷ್ಟು ಸಿಗುತ್ತದೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಹೀಗೆ ಪರಊರಿನ ಹುಡುಗನನ್ನು ಏಳು ಮನೆಗಳು ಸೇರಿ ಓದಿಸಿದವು. ಮಠಗಳ ಪ್ರಸಾದ ನಿಲಯಗಳು ಅದನ್ನೇ ದೊಡ್ಡದಾಗಿ ಮಾಡಿದವು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಜೋಳಿಗೆಯ ಬಲದ ಮೇಲೆ ಎಷ್ಟೋ ಅಂಧ ಮಕ್ಕಳನ್ನು ಸಾಕಿ ಸಂಗೀತಗಾರರನ್ನಾಗಿ ಮಾಡಿದರು. ಜ್ಞಾನಸಿಂಧು ಶಾಲೆ ಈ ಸೀಮೆಯಲ್ಲೇ ತಲೆಯೆತ್ತಿದ್ದು ಆಕಸ್ಮಿಕವೆನಿಸುವುದಿಲ್ಲ. ಪರರ ಮಗುವಿಗೆ ಅನ್ನ ಹಾಕಿ ಓದಿಸುವುದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ನೂರು ವರ್ಷಗಳಿಂದ ಊರಿನ ಲೆಕ್ಕ ಕಳಿಸುವುದರ ಕಡೆಗೇ ವಾಲಿದೆ. 1906ರಲ್ಲಿ ಹೊಳೆಆಲೂರಿನಲ್ಲಿ ಹುಟ್ಟಿದ ರಂ.ಶ್ರೀ. ಮುಗಳಿಯವರು ಮರಾಠಿ ಸೀಮೆಯ ಸಾಂಗ್ಲಿಗೆ ಹೋಗಿ, ವಿಲ್ಲಿಂಗ್ಡನ್ ಕಾಲೇಜಿನಲ್ಲಿ ದೀರ್ಘಕಾಲ ಕನ್ನಡ ಕಲಿಸಿದರು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪರಭಾಷೆಯ ಊರಲ್ಲಿ ಬದುಕುವುದು ಎಂಥ ಶಿಕ್ಷಣವೆಂಬುದಕ್ಕೆ ಅವರ ಬಾಳೇ ಸಾಕ್ಷಿ. ಆ ಶಿಕ್ಷಣವನ್ನು ಬೇರೆಯವರಿಗೆ ಕೊಡುವ ಸರದಿ ಈಗ ಅವರ ತವರೂರಿನದು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ತೇಲಿಸಿಬಿಡಬಾರದು. ವಾರಾನ್ನದ ಮನೆಗಳು ಜಾತಿ ನೋಡಿಯೇ ತಟ್ಟೆ ಹಾಕಿದವು. ಪರದೇಶದ ಬಿಳಿಯ ಹುಡುಗನನ್ನು ಅಡುಗೆಮನೆಯವರೆಗೂ ಕರೆದೊಯ್ದು ರೊಟ್ಟಿ ಬಡಿಸುವ ಮನೆ, ಅದೇ ಊರಿನ ದಲಿತ ಹುಡುಗನನ್ನು ಪಡಸಾಲೆಯಲ್ಲೇ ನಿಲ್ಲಿಸಿದರೆ ಆ ಆತಿಥ್ಯಕ್ಕೆ ಏನು ಬೆಲೆ? ಹಾಗೆ ಆಗುವ ಸಂಭವ ಇದ್ದೇ ಇದೆ. ಅದಕ್ಕೇ ಮನೆಗಳ ಆಯ್ಕೆಯನ್ನು ಊರಿನ ನಾಲ್ಕು ಮಂದಿ ಹಿರಿಯರ ಇಷ್ಟಕ್ಕೆ ಬಿಡಕೂಡದು. ಒಬ್ಬ ವಿದ್ಯಾರ್ಥಿ ಎರಡು ಮೂರು ಮನೆಗಳಲ್ಲಿ ಇರುವ ರೋಟರಿಯ ಪದ್ಧತಿ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಆ ಮನೆಗಳು ಬೇರೆ ಬೇರೆ ಓಣಿಗಳವು, ಬೇರೆ ಬೇರೆ ಕೇರಿಗಳವು ಆಗಿರಲೇಬೇಕೆಂದು ನಿಯಮ ಮಾಡಿದರಾಯಿತು. ಎಲ್ಲ ಕೇರಿಯಲ್ಲೂ ಉಂಡು ಮಲಗಿ ಎದ್ದ ಒಬ್ಬ ಹುಡುಗಿ ತರಗತಿಯಲ್ಲಿ ಎಲ್ಲರ ಗೆಳತಿಯಾಗಿ ಓಡಾಡಿದರೆ, ಊರಿನ ಮಕ್ಕಳೂ ಅವಳ ಹಿಂದೆ ಒಬ್ಬರ ಮನೆಗೊಬ್ಬರು ಹೋಗಿಬರುವುದು ಶುರುವಾದೀತು. ಇಷ್ಟರಿಂದಲೇ ಜಾತಿ ಹೋಗುತ್ತದೆಂಬ ಭ್ರಮೆ ಬೇಡ. ಆದರೆ ಈ ನಿಯಮವಿಲ್ಲದೆ ಯೋಜನೆಯನ್ನು ಶುರುಮಾಡುವುದೇ ಬೇಡ.

ಅಂಧ ಮಕ್ಕಳನ್ನು ಪರದೇಶದವರ ಮುಂದೆ ಪ್ರದರ್ಶನಕ್ಕೆ ನಿಲ್ಲಿಸಿದಂತಾಗುವುದಿಲ್ಲವೇ ಎಂದು ಕೇಳಬಹುದು. ವೇದಿಕೆಯ ಕೆಳಗೆ ಕೂತು ಚಪ್ಪಾಳೆ ತಟ್ಟಿ ಹೋಗುವವರಾದರೆ ಖಂಡಿತ ಹಾಗೆ ಆಗುತ್ತದೆ. ವಿನಿಮಯದಲ್ಲಿ ಅದು ತಿರುವುಮುರುವಾಗಬೇಕು, ಬಂದವನು ಕಂಬದ ಬುಡದಲ್ಲಿ ಶಿಷ್ಯನಾಗಿ ನಿಲ್ಲಬೇಕು, ಕಲಿಸುವವರು ಆ ಮಕ್ಕಳಾಗಬೇಕು. ಮಲ್ಲಕಂಬ ಹಾಗೆ ಕಲಿಯಲು ಯೋಗ್ಯವಾದ ವಿದ್ಯೆಯೂ ಹೌದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ಕಂಬದ ಕಸರತ್ತಿನ ಪ್ರಸ್ತಾಪವಿದೆ, ಅಂದರೆ ಇದರ ಹಳೆಯ ದಾಖಲೆ ನಮ್ಮ ನಾಡಿನ ಅರಮನೆಯದೇ. ಪೇಶ್ವೆ ಎರಡನೆಯ ಬಾಜಿರಾಯನ ಕಾಲದಲ್ಲಿ ಬಾಳಂಭಟ್ಟ ದೇವಧರ ಅದಕ್ಕೆ ಮರುಜೀವ ಕೊಟ್ಟರು. 2019ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನಡೆದ ಮೊದಲ ವಿಶ್ವ ಮಲ್ಲಕಂಬ ಚಾಂಪಿಯನ್‌ಷಿಪ್‌ಗೆ ಅಮೆರಿಕ, ಜರ್ಮನಿ ಸೇರಿ ಹಲವು ದೇಶಗಳ ಪಟುಗಳು ಬಂದಿದ್ದರು. 2024ರಲ್ಲಿ ಪದ್ಮಶ್ರೀ ಪಡೆದ ಮುಂಬಯಿಯ ಉದಯ ದೇಶಪಾಂಡೆ ಈ ವಿದ್ಯೆಯನ್ನು ಹೊರದೇಶಗಳಿಗೂ ಅಂಗವಿಕಲ ಮಕ್ಕಳಿಗೂ ಮುಟ್ಟಿಸಿದವರು. ಹೀಗಿರುವಾಗ ಕಣ್ಣುಮುಚ್ಚಿ ಕಂಬವೇರುವುದನ್ನು ಕಲಿಯಲು ಯಾರೂ ಹೊಳೆಆಲೂರಿಗೆ ಬರಲಾರರು ಎಂದುಕೊಳ್ಳುವುದು ನಮ್ಮದೇ ಅಳುಕು. ಜರ್ಮನಿಯ ಅಂಧ ಶಾಲೆಯೊಂದರ ಹುಡುಗ ಇಲ್ಲಿಗೆ ಬಂದು, ಇಲ್ಲಿಯ ಹುಡುಗ ಅಲ್ಲಿಗೆ ಹೋದರೆ ಅದಕ್ಕಿಂತ ಸಮಪಾಲಿನ ವಿನಿಮಯ ಇನ್ನೊಂದಿರಲಾರದು: ಅಲ್ಲಿಂದ ಬ್ರೈಲ್ ಕಂಪ್ಯೂಟರಿನ ಕೆಲಸ ಇಲ್ಲಿಗೆ ಬಂದೀತು, ಇಲ್ಲಿಂದ ಮೈಯ ಧೈರ್ಯ ಅಲ್ಲಿಗೆ ಹೋದೀತು. ಎರಡರಲ್ಲಿ ಯಾವುದೂ ಕಡಿಮೆಯದಲ್ಲ.

ಊರ ಪಕ್ಕದ ಹೊಳೆ ಕೂಡ ಒಂದು ಪಾಠವೇ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಈ ದಂಡೆಯ ಊರುಗಳಿಗೆ ನುಗ್ಗಿತು. ನವಿಲುತೀರ್ಥದ ಅಣೆಕಟ್ಟೆ ತುಂಬಿ ನೀರು ಬಿಟ್ಟರೆ ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟೀತೆಂಬ ಲೆಕ್ಕ ಇಲ್ಲಿನ ಮನೆಮನೆಯ ಮಾತು. ಜಪಾನಿನಲ್ಲಿ 1923ರ ಕಾಂಟೊ ಭೂಕಂಪದ ನೆನಪಿಗೆ ಸೆಪ್ಟೆಂಬರ್ 1ನ್ನು ವಿಪತ್ತು ತಡೆ ದಿನವೆಂದು ಆಚರಿಸುತ್ತಾರೆ, ಶಾಲೆಯ ಮಕ್ಕಳೆಲ್ಲ ಅಭ್ಯಾಸ ಮಾಡುತ್ತಾರೆ. ಹೊಳೆಆಲೂರಿನ ಹುಡುಗಿ ಅಲ್ಲಿ ಆ ಶಿಸ್ತನ್ನು ಕಂಡು ಬಂದು ತನ್ನ ಶಾಲೆಯಲ್ಲಿ ಅಳವಡಿಸಬಹುದು. ಅಲ್ಲಿಯ ಹುಡುಗಿ ಇಲ್ಲಿಗೆ ಬಂದು, ನೀರು ಇಳಿದ ಮೇಲೆ ಎರೆ ಹೊಲದಲ್ಲಿ ಮತ್ತೆ ಬಿತ್ತುವ ಒಕ್ಕಲುತನದ ಲೆಕ್ಕಾಚಾರ ಕಲಿಯಬಹುದು. ಇನ್‌ಸ್ಪೈರ್ ಪ್ರದರ್ಶನಕ್ಕೆ ಇಬ್ಬರೂ ಸೇರಿ ಒಂದು ಮಾದರಿ ಮಾಡಿದರೆ ಅದಕ್ಕೆ ಬೆಲೆ ಬೇರೆಯೇ.

ಉಳಿದ ಆಕ್ಷೇಪಗಳು ಸಣ್ಣವು. ಭಾಷೆ ಬಾರದೆಂಬುದು ಅಡ್ಡಿಯಲ್ಲ, ಹದಿನೈದರ ಮಕ್ಕಳು ಜೊತೆಗಾರರ ಬಾಯಿಂದಲೇ ಅದನ್ನು ಹಿಡಿಯುತ್ತಾರೆ. ಎಎಫ್‌ಎಸ್ ನಂಬಿ ನಡೆದಿರುವುದೂ ಇದನ್ನೇ. ಶೌಚಾಲಯ, ಕುಡಿಯುವ ನೀರು, ಔಷಧದ ಮಾತು ನಿಜ, ಆದರೆ ಅವು ನಮ್ಮ ಮಕ್ಕಳಿಗೂ ಬೇಕಾದವೇ. ಅತಿಥಿಯ ನೆಪದಲ್ಲಾದರೂ ಶಾಲೆಯ ಶೌಚಾಲಯಕ್ಕೆ ನೀರು ಬಂದರೆ ಯಾರಿಗೆ ನಷ್ಟ? ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡವರು 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡಬೇಕೆಂಬ ಕಾನೂನಿದೆ; ಅದೀಗ ಆನ್‌ಲೈನಿನಲ್ಲೇ ಮುಗಿಯುತ್ತದೆ, ಗ್ರಾಮ ಪಂಚಾಯ್ತಿಯ ಕಂಪ್ಯೂಟರಿನಲ್ಲಿ ಮಾಡಿಕೊಡಬಹುದಾದ ಕೆಲಸ. ಖರ್ಚಿನ ದೊಡ್ಡ ಪಾಲು ವಿಮಾನದ್ದು, ಎಎಫ್‌ಎಸ್, ರೋಟರಿಯಂಥ ವಿನಿಮಯದಲ್ಲಿ ಇಟ್ಟುಕೊಳ್ಳುವ ಮನೆಗಳು ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಊರಿಗೆ ಬರುವುದಂತೂ ಕಷ್ಟವಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ಗದಗ–ಹೊಟಗಿ ಹಳಿಯ ಮೇಲೆ ಹೊಳೆಆಲೂರಿಗೆ ತನ್ನದೇ ಸ್ಟೇಷನ್ನಿದೆ, ಅದೇ ಹಳಿ ಮಲಪ್ರಭೆ ದಾಟಿ ಬಾದಾಮಿಗೆ ಹೋಗುತ್ತದೆ.

ಮೊದಲ ಪ್ರಯೋಗ ಚಿಕ್ಕದಿರಲಿ, ಎರಡು ವಾರದ್ದು, ಇಬ್ಬರು ಬರಲಿ, ಇಬ್ಬರು ಹೋಗಲಿ. ಇನ್‌ಸ್ಪೈರ್ ಪಟ್ಟಿ ನೋಡಿಕೊಳ್ಳುವ ಜಿಲ್ಲೆಯ ಶಿಕ್ಷಣ ಇಲಾಖೆ, ಹುಬ್ಬಳ್ಳಿ ಗದಗಗಳ ರೋಟರಿ ಕ್ಲಬ್ಬು, ಶಾಲೆಯ ಎಸ್‌ಡಿಎಂಸಿ ಒಂದೆಡೆ ಕೂತರೆ ವರ್ಷದೊಳಗೆ ಆಗುವ ಕೆಲಸವಿದು. ಜಪಾನಿನವರಾದರೆ ಅವರ ಚಳಿಗಾಲದ ರಜೆ ಡಿಸೆಂಬರ್ ಕೊನೆಯಿಂದ ಜನವರಿಯ ಮೊದಲ ವಾರದವರೆಗೆ. ನಮ್ಮ ಎಳ್ಳಮಾವಾಸ್ಯೆ ಅದರ ಆಸುಪಾಸಿನಲ್ಲೇ ಬೀಳುತ್ತದೆ. ಆಗ ಹೊಳೆ ತಣ್ಣಗಿರುತ್ತದೆ, ಹಿಂಗಾರಿ ಜೋಳ, ಕಡಲೆ ಹೊಲದಲ್ಲಿರುತ್ತವೆ, ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯೆ ಕಟ್ಟಿಕೊಂಡು ಇಡೀ ಊರು ಚರಗ ಚೆಲ್ಲಲು ಹೊಲಕ್ಕೆ ಹೊರಟಿರುತ್ತದೆ. ಬಂದವರಿಗೆ ಪ್ರತ್ಯೇಕ ಕಾರ್ಯಕ್ರಮ ಹಾಕುವ ಅಗತ್ಯವೇ ಇರುವುದಿಲ್ಲ. ಅವರೂ ಬುತ್ತಿ ಹೊತ್ತು ಜೊತೆಗೆ ನಡೆದರಾಯಿತು, ಸಂಜೆ ಜ್ಞಾನಸಿಂಧುವಿನ ಅಂಗಳದಲ್ಲಿ ಕಂಬಕ್ಕೆ ಎಣ್ಣೆ ಸವರುವುದರಿಂದ ಪಾಠ ಶುರುಮಾಡಿದರಾಯಿತು.