ತಂತಿಯಿಲ್ಲದೆ ಮೊಬೈಲನ್ನು ಟೀವಿಗೆ ಕೂಡಿಸುವ ಬಗೆ

ಕಳೆದ ಬೇಸಿಗೆಯಲ್ಲಿ ನಾವು ಬೀಳಗಿ ತಾಲೂಕಿನ ಒಂದು ಪುನರ್ವಸತಿ ಗ್ರಾಮದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದೆವು. ಆಕೆಯ ಅತ್ತೆಯವರು ಎಂಬತ್ತು ವರುಷ ದಾಟಿದವರು. ಅವರು ಸೊಸೆಯಾಗಿ ಕಾಲಿಟ್ಟ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ಕಾಲವಾಯಿತು. ಊರು ಬಿಡುವ ಮುಂಚೆ ಬಂಧುಗಳಾರೋ ತೆಗೆದ ಹತ್ತೆಂಟು ಫೋಟೋಗಳು ಮಾತ್ರ ಉಳಿದಿದ್ದು, ಮೊಮ್ಮಗನು ಅವನ್ನು ತನ್ನ ಮೊಬೈಲಿನಲ್ಲಿ ಇಳಿಸಿಟ್ಟುಕೊಂಡಿದ್ದನು. ಮೊಬೈಲಿನ ಗಾಜೋ ಅಂಗೈಯಗಲದ್ದು. ಮುದುಕಿಯ ಕಣ್ಣಿಗೋ ಪೊರೆ ಬಂದಿತ್ತು. “ಏನೂ ಕಾಣವಲ್ದು ನೋಡ್ರಿ ಅಕ್ಕಾರ, ಬರೇ ಬೆಳಕು ಕಾಣತೈತಿ” ಎಂದು ಅವರು ಮೊಬೈಲನ್ನು ತಿರುಗಿ ಕೊಟ್ಟುಬಿಟ್ಟರು. ಎದುರಿನ ಗೋಡೆಯ ಮೇಲೆ ೪೩ ಇಂಚಿನ ಹೊಸ ಟೀವಿ ಇತ್ತು. ಅದರಲ್ಲಿ ತೋರಿಸಬಾರದೇ ಎಂದು ನಾವು ಕೇಳಲು, ಮೊಮ್ಮಗನು “ನಮ್ಮ ಮನ್ಯಾಗ ನೆಟ್ ಇಲ್ಲರೀ, ಅದಕ್ಕ ಬರೂದಿಲ್ಲ” ಎಂದನು.

ಇದೇ ಮಾತನ್ನು ನಾವು ಜಮಖಂಡಿಯಲ್ಲಿಯೂ ಮುಧೋಳದಲ್ಲಿಯೂ ಕೇಳಿದ್ದೇವೆ. ಮಾತು ಅರ್ಧ ನಿಜ, ಅರ್ಧ ತಪ್ಪು. ಆ ತಪ್ಪಿನ ಅರ್ಧವು ಎಲ್ಲಿದೆ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ತಿಳಿಯಹೇಳುವದೇ ಈ ಲೇಖನದ ಉದ್ದೇಶವಾಗಿದೆ.

ಗಾಳಿಯಲ್ಲಿ ಚಿತ್ರ ಬರುವದು ನಮ್ಮ ಸೀಮೆಗೆ ಹೊಸತಲ್ಲ. ಕಣ್ಣಿಗೆ ಕಾಣದ ವಿದ್ಯುದಲೆಗಳು ಗೋಡೆಯನ್ನು ಹಾಯ್ದು ಹೋಗಿ ಆಚೆಯ ಗಂಟೆಯನ್ನು ಬಾರಿಸಬಲ್ಲವೆಂದು ಜಗದೀಶಚಂದ್ರ ಬೋಸರು ೧೮೯೫ರಲ್ಲಿಯೇ ಕಲಕತ್ತೆಯಲ್ಲಿ ನೆರೆದ ಜನರೆದುರಿಗೆ ತೋರಿಸಿದರು. ಅನಂತರ ೧೯೭೫ನೆಯ ಇಸ್ವಿಯ ಆಗಸ್ಟ್ ೧ರಿಂದ ಒಂದು ವರುಷದವರೆಗೆ, ಅಮೇರಿಕದವರಿಂದ ಎರವಾಗಿ ಪಡೆದ ಎ.ಟಿ.ಎಸ್.-೬ ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಚಿತ್ರಗಳನ್ನು ಕಳಿಸಿದರು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ ಜಿಲ್ಲೆಗಳಲ್ಲಿ ವಿಜಾಪುರವೂ ಒಂದು; ೧೯೯೭ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಗುವವರೆಗೆ ನಮ್ಮ ಈ ಊರುಗಳೆಲ್ಲ ಅದರಲ್ಲಿಯೇ ಇದ್ದವು. ಮೂರು ಮೀಟರು ಅಗಲದ ಜಾಲರಿಯ ಛತ್ರಿಯನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿ, ಊರವರೆಲ್ಲ ಒಂದೇ ಟೀವಿಯ ಮುಂದೆ ಕೂಡುತ್ತಿದ್ದ ಕಾಲವದು. ಚಿತ್ರವು ಆಗ ಸುಮಾರು ೩೬,೦೦೦ ಕಿಲೋಮೀಟರು ಮೇಲಿನಿಂದ ಇಳಿಯಬೇಕಾಗಿತ್ತು. ಈಗ ನಾವು ಹೇಳುತ್ತಿರುವ ಚಿತ್ರವು ಪಡಸಾಲೆಯ ಈ ಮೂಲೆಯಿಂದ ಆ ಗೋಡೆಗೆ, ಹತ್ತು ಫೂಟು ಹೋದರೆ ಸಾಕು. ಕಳಿಸುವ ಯಂತ್ರವೂ ಕೊಳ್ಳುವ ಯಂತ್ರವೂ ನಮ್ಮವೇ. ಆದರೂ ಎಷ್ಟೋ ಮನೆಗಳಲ್ಲಿ ಆ ಹತ್ತು ಫೂಟು ದಾಟುವದೇ ಕಠಿಣವಾಗಿದೆ.

ಕಾರಣವಿಷ್ಟೇ. ಮೊಬೈಲಿನ ಚಿತ್ರವು ಟೀವಿಗೆ ಹೋಗುವ ದಾರಿಗಳು ಎರಡು. ನಾವು ಅವೆರಡನ್ನೂ ಒಂದೇ ಎಂದು ಭಾವಿಸುವೆವು.

ಮೊದಲನೆಯದು ಕನ್ನಡಿಯ ದಾರಿ. ಇದಕ್ಕೆ ಸ್ಕ್ರೀನ್ ಮಿರರಿಂಗ್ ಎನ್ನುವರು. ಇಲ್ಲಿ ಮೊಬೈಲು ತನ್ನ ಮುಖದ ಮೇಲೆ ಮೂಡಿದ್ದನ್ನೆಲ್ಲ ಸೆಕೆಂಡಿಗೆ ಮೂವತ್ತರಂತೆಯೋ ಅದಕ್ಕೂ ಹೆಚ್ಚಾಗಿಯೋ ಚಿತ್ರಗಳನ್ನಾಗಿ ಹಿಡಿದು, ಅವನ್ನು ಒತ್ತಿ ಚಿಕ್ಕದು ಮಾಡಿ ಗಾಳಿಗೆ ಬಿಡುವದು. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಭೇದವಿದ್ದಷ್ಟನ್ನು ಮಾತ್ರ ಕಳಿಸಿ, ಭೇದವಿಲ್ಲದ್ದನ್ನು ಬಿಟ್ಟುಬಿಡುವದರಿಂದ ಚಿತ್ರದ ಭಾರವು ಬಹಳ ಕಡಿಮೆಯಾಗುವದು. ಟೀವಿಯು ಅದನ್ನು ಕೊಂಡು ಬಿಚ್ಚಿ ಹರಡುವದು. ಈ ಒತ್ತುವ ಬಿಚ್ಚುವ ಕೆಲಸಕ್ಕೆ ತುಸು ಹೊತ್ತು ಹಿಡಿಯುವದರಿಂದ ನಾವು ಬೆರಳಾಡಿಸಿದ ಮೇಲೆ ಒಂದು ರೆಪ್ಪೆ ಬಡಿಯುವಷ್ಟು ತಡವಾಗಿ ಟೀವಿಯಲ್ಲಿ ಚಿತ್ರವು ಅಲುಗುವದು. ಮೊಬೈಲು ಬಿಸಿಯಾಗುವದೂ ಬ್ಯಾಟರಿ ಬೇಗನೆ ಇಳಿಯುವದೂ ಇದರಿಂದಲೇ; ಅದು ಕೆಟ್ಟಿದೆ ಎಂದು ಅಂಗಡಿಗೆ ಒಯ್ಯುವ ಕಾರಣವಿಲ್ಲ.

ಈ ಕನ್ನಡಿಯ ದಾರಿಯಲ್ಲಿ ಮಿರಾಕಾಸ್ಟ್ ಎಂಬ ಪದ್ಧತಿಯೊಂದುಂಟು. ಅದು ೨೦೧೨ರಲ್ಲಿ ಬಳಕೆಗೆ ಬಂದಿತು. ಅದರಲ್ಲಿ ಮೊಬೈಲೂ ಟೀವಿಯೂ ನಡುವೆ ಯಾವ ಮಧ್ಯಸ್ಥನೂ ಇಲ್ಲದೆ ನೇರವಾಗಿ ಒಂದಕ್ಕೊಂದು ವೈಫೈಯಿಂದ ಕೈಹಿಡಿಯುವವು. ಮನೆಯಲ್ಲಿ ರೂಟರ್ ಇರಬೇಕಾಗಿಲ್ಲ, ಇಂಟರ್‌ನೆಟ್ ಇರಬೇಕಾಗಿಲ್ಲ, ಮೊಬೈಲಿನಲ್ಲಿಯೇ ಇರುವ ಫೋಟೋ ತೋರಿಸಲು ಒಂದು ಕಾಸಿನ ಡೇಟಾ ಕೂಡ ವೆಚ್ಚವಾಗುವದಿಲ್ಲ. ವೈಫೈ ಎಂದರೆ ಇಂಟರ್‌ನೆಟ್ ಎಂದು ತಿಳಿದಿರುವದೇ ಜನರ ದೊಡ್ಡ ತಪ್ಪು. ವೈಫೈ ಎಂಬುದು ಓಣಿಯ ದಾರಿ; ಇಂಟರ್‌ನೆಟ್ ಎಂಬುದು ಪೇಟೆ. ಪಕ್ಕದ ಮನೆಗೆ ಹೋಗಲಿಕ್ಕೆ ಓಣಿ ಸಾಕು, ಪೇಟೆಗೆ ಯಾಕೆ ಹೋಗಬೇಕು?

ಎರಡನೆಯದು ಚೀಟಿಯ ದಾರಿ. ಇದಕ್ಕೆ ಕಾಸ್ಟಿಂಗ್ ಎನ್ನುವರು. ಯಜಮಾನಿಯು ಸಾಮಾನು ತಾನು ಹೊತ್ತು ತರದೆ, ಚೀಟಿ ಬರೆದು ಆಳನ್ನು ಅಂಗಡಿಗೆ ಅಟ್ಟಿದಂತೆ, ಇಲ್ಲಿ ಮೊಬೈಲು ಚಿತ್ರವನ್ನು ಕಳಿಸುವದೇ ಇಲ್ಲ. ಯೂಟ್ಯೂಬಿನಲ್ಲಿ ಇಂಥ ಹಾಡು ಇಂಥ ಕಡೆಗಿದೆ, ತೆಗೆದುಕೊ ಎಂದು ಟೀವಿಗೆ ವಿಳಾಸವನ್ನಷ್ಟೇ ಹೇಳುವದು. ಟೀವಿಯು ತಾನಾಗಿಯೇ ಇಂಟರ್‌ನೆಟ್ಟಿಗೆ ಹೋಗಿ ಅದನ್ನು ತರುವದು. ಆಮೇಲೆ ಮೊಬೈಲನ್ನು ಮುಚ್ಚಿಟ್ಟರೂ, ಅದರಲ್ಲಿ ಬೇರೊಬ್ಬರ ಕೂಡ ಮಾತನಾಡುತ್ತ ಕುಳಿತರೂ ಹಾಡು ನಿಲ್ಲದು. ಯೂಟ್ಯೂಬ್ ಮೊದಲಾದವುಗಳ ಮೂಲೆಯಲ್ಲಿ ಒಂದು ಚಿಕ್ಕ ಚೌಕವೂ ಅದರ ಕೆಳಮೂಲೆಯಲ್ಲಿ ಮೂರು ಬಾಗುಗೆರೆಗಳೂ ಕಾಣುವವಷ್ಟೆ. ಆ ಗುರುತು ಇದರದೇ. ಇದಕ್ಕೆ ಮಾತ್ರ ಟೀವಿಗೆ ಇಂಟರ್‌ನೆಟ್ ಬೇಕು, ಮತ್ತು ಮೊಬೈಲೂ ಟೀವಿಯೂ ಒಂದೇ ವೈಫೈಯಲ್ಲಿರಬೇಕು. ಬೀಳಗಿಯ ಹುಡುಗನು ಎರಡನೆಯ ದಾರಿಯ ಅಡ್ಡಿಯನ್ನು ಮೊದಲನೆಯ ದಾರಿಗೂ ಹಚ್ಚಿ ಕೈಬಿಟ್ಟಿದ್ದನು.

ಇನ್ನು ಮಾಡುವ ಕ್ರಮ. ಮೊದಲು ಟೀವಿಯ ಇನ್‌ಪುಟ್ ಪಟ್ಟಿಯಲ್ಲಿಯೋ ಸೆಟ್ಟಿಂಗಿನಲ್ಲಿಯೋ ಸ್ಕ್ರೀನ್ ಮಿರರಿಂಗ್ ಎಂಬುದನ್ನು ತೆರೆದಿಡಬೇಕು. ಬಾಗಿಲು ತೆಗೆಯದೆ ಹೊರಗಿನಿಂದ ಕೂಗಿ ಫಲವಿಲ್ಲ. ಬಳಿಕ ಮೊಬೈಲಿನ ನೆತ್ತಿಯಿಂದ ಬೆರಳನ್ನು ಕೆಳಗೆಳೆದು, ಅಲ್ಲಿ ಕಾಣುವ ಗುಂಡಿಗಳಲ್ಲಿ ಕಾಸ್ಟ್ ಎಂದೋ ಸ್ಕ್ರೀನ್ ಮಿರರಿಂಗ್ ಎಂದೋ ಸ್ಮಾರ್ಟ್ ವ್ಯೂ ಎಂದೋ ಬರೆದದ್ದನ್ನು ಒತ್ತಬೇಕು. ಕಂಪನಿಗೊಂದು ಹೆಸರು ಇಟ್ಟು ಜನರನ್ನು ಯಾಕೆ ಇಷ್ಟು ಗಾಸಿಗೊಳಿಸಿದ್ದಾರೋ ನಾವರಿಯೆವು. ಟೀವಿಯ ಹೆಸರು ಮೂಡಿದೊಡನೆ ಅದನ್ನು ಮುಟ್ಟಿ, ಟೀವಿಯು ಒಪ್ಪಿಗೆಯನ್ನೋ ಅಂಕಿಗಳನ್ನೋ ಕೇಳಿದರೆ ಕೊಡಬೇಕು. ಐಫೋನಿದ್ದವರಿಗೆ ಮಿರಾಕಾಸ್ಟ್ ಇಲ್ಲ. ೨೦೧೦ರಲ್ಲಿ ಬಂದ ಏರ್‌ಪ್ಲೇ ಎಂಬುದೇ ಅವರ ಪದ್ಧತಿ, ಟೀವಿಯೂ ಅದನ್ನು ಬಲ್ಲದಾಗಿರಬೇಕು. ಏರ್‌ಪ್ಲೇ ಮತ್ತು ಗೂಗಲ್ ಕಾಸ್ಟ್‌ಗಳಲ್ಲಿ ಕನ್ನಡಿ ಹಿಡಿಯುವದಕ್ಕೂ ಸಾಮಾನ್ಯವಾಗಿ ಒಂದೇ ವೈಫೈ ಬೇಕಾಗುವದು. ಆಂಡ್ರಾಯಿಡಿನಲ್ಲಿಯೂ ಮಿರಾಕಾಸ್ಟ್ ಇಲ್ಲದ ಮೊಬೈಲುಗಳುಂಟು. ಆದುದರಿಂದ ಕೊಳ್ಳುವಾಗಲೇ ಕೇಳಿ ಕೊಳ್ಳುವದು ಲೇಸು.

ಬ್ಲೂಟೂತನ್ನು ಹಚ್ಚಿ ಚಿತ್ರಕ್ಕಾಗಿ ಕಾಯುತ್ತ ಕುಳಿತವರನ್ನೂ ನಾವು ಕಂಡಿದ್ದೇವೆ. ಅದು ಧ್ವನಿಗೆ ಸಾಕಾಗುವ ಕಿರುದಾರಿ. ಚಲಿಸುವ ಚಿತ್ರದ ಭಾರವನ್ನು ಹೊರಲಾರದು. ಅದು ತನ್ನ ಅಲೆಯನ್ನು ಸೆಕೆಂಡಿಗೆ ನೂರಾರು ಸಲ ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಸುತ್ತಿರುವದು. ಇಂಥ ಜಿಗಿತದಿಂದ ವೈರಿಯ ಕಿವಿಯನ್ನು ತಪ್ಪಿಸಬಹುದೆಂದು ಹೆಡಿ ಲಾಮಾರ್ ಎಂಬ ಚಲಚ್ಚಿತ್ರದ ನಟಿಯು ಸಂಗೀತಗಾರ ಸಂಗಡಿಗನೊಬ್ಬನೊಡನೆ ೧೯೪೨ರಲ್ಲಿ ಅಮೇರಿಕದಲ್ಲಿ ಪೇಟೆಂಟ್ ಪಡೆದಿದ್ದಳು. ಬ್ಲೂಟೂತನ್ನು ಆಕೆಯೇ ಕಂಡುಹಿಡಿದಳೆಂದು ಕೆಲವರು ಹೇಳುವದು ಅತಿಯಾಯಿತು; ಆದರೂ ಹೆಣ್ಣುಮಕ್ಕಳಿಗೆ ಇಂಥ ವಿದ್ಯೆ ಯಾಕೆ ಎನ್ನುವವರ ಮುಂದೆ ಆಕೆಯ ಹೆಸರನ್ನು ಹೇಳಬಹುದು.

ಜಮಖಂಡಿಯ ಹಳೆಯ ಮನೆಗಳಲ್ಲಿ ತೊಂದರೆ ಬೇರೊಂದು ತೆರ. ಅಲ್ಲಿ ಕಲ್ಲುಮಣ್ಣಿನ ಗೋಡೆಗಳು ಒಂದೂವರೆ ಎರಡು ಮೊಳ ದಪ್ಪ. ವೈಫೈಯು ಸಾಮಾನ್ಯವಾಗಿ ಎರಡು ಮಟ್ಟದ ಅಲೆಗಳನ್ನು ಬಳಸುವದು: ೨.೪ ಗಿಗಾಹರ್ಟ್ಸ್, ೫ ಗಿಗಾಹರ್ಟ್ಸ್. ಮೊದಲನೆಯದರ ಅಲೆಯ ಉದ್ದ ಸುಮಾರು ೧೨ ಸೆಂಟಿಮೀಟರು, ಎರಡನೆಯದರದು ಐದಾರು ಸೆಂಟಿಮೀಟರು. ಗಿಡ್ಡ ಅಲೆಯು ಹೆಚ್ಚು ಚಿತ್ರವನ್ನು ಹೊರಬಲ್ಲದು, ಆದರೆ ದಪ್ಪ ಗೋಡೆಯಲ್ಲಿ ಬೇಗ ಸೋಲುವದು. ಉದ್ದ ಅಲೆಯು ನಿಧಾನದ್ದಾದರೂ ಗೋಡೆಯನ್ನು ಹೆಚ್ಚು ಮಟ್ಟಿಗೆ ಹಾಯುವದು. ಆದ್ದರಿಂದ ಟೀವಿ ಇರುವ ಕೋಣೆಯಲ್ಲಿಯೇ ರೂಟರ್ ಇದ್ದರೆ ೫ರದನ್ನೂ, ನಡುವೆ ಗೋಡೆಯಿದ್ದರೆ ೨.೪ರದನ್ನೂ ಆರಿಸಿಕೊಳ್ಳುವದು ಯುಕ್ತ. ಒಂದು ಮನೆಯಲ್ಲಿ ಚಿತ್ರವು ಹೆಜ್ಜೆಹೆಜ್ಜೆಗೆ ನಿಲ್ಲುತ್ತಿದ್ದುದಕ್ಕೆ ಕಾರಣ ಹುಡುಕಿದರೆ, ರೂಟರನ್ನು ಯಾರೂ ಮುಟ್ಟದಿರಲೆಂದು ಕಬ್ಬಿಣದ ತಿಜೋರಿಯ ಹಿಂದೆ ಇಟ್ಟಿದ್ದರು! ಲೋಹವು ಈ ಅಲೆಗಳನ್ನು ಹಿಂದಿರುಗಿಸಿಬಿಡುವದು.

ಮುಧೋಳದಲ್ಲಿ ಒಬ್ಬ ಪಾಲಕರು ವೆಚ್ಚದ ಮಾತೆತ್ತಿದರು. ರೂಟರ್ ಇಲ್ಲದವರು ಮೊಬೈಲಿನ ಹಾಟ್‌ಸ್ಪಾಟಿಗೆ ಟೀವಿಯನ್ನು ಸೇರಿಸುವದುಂಟು. ಆಗ ಟೀವಿಯು ಚೀಟಿ ಹಿಡಿದು ಪೇಟೆಗೆ ಹೋಗುವದು ಮೊಬೈಲಿನ ಕಿಸೆಯ ಹಣದಿಂದಲೇ. ಒಳ್ಳೇ ಸ್ಪಷ್ಟವಾದ ಸಿನೇಮಾ ಒಂದು ತಾಸಿಗೆ ಮೂರು ಜಿ.ಬಿ.ಯವರೆಗೂ ನುಂಗಬಲ್ಲದು, ದಿನಕ್ಕೆ ಒಂದೂವರೆ ಜಿ.ಬಿ.ಯ ಪ್ಯಾಕಿನವರಿಗೆ ಅರ್ಧ ತಾಸಿನಲ್ಲಿ ಸಂತೆ ಮುಗಿಯುವದು. ಚಿತ್ರದ ಗುಣವನ್ನು ಒಂದು ಮೆಟ್ಟಲು ಇಳಿಸಿಕೊಂಡರೆ ಬಹಳ ಉಳಿಯುವದು. ಹಾಗೆ ಮಾಡುವಾಗ ಎರಡು ಮೊಬೈಲುಗಳಿದ್ದರೆ ಒಂದರಿಂದ ಹಾಟ್‌ಸ್ಪಾಟ್ ಕೊಟ್ಟು, ಟೀವಿಯನ್ನೂ ಇನ್ನೊಂದು ಮೊಬೈಲನ್ನೂ ಅದಕ್ಕೆ ಸೇರಿಸುವದು ನಂಬಿಗೆಯ ದಾರಿ.

ಈಗ ನಾವು ಹೇಳಲೇಬೇಕಾದ, ಆದರೆ ಹೇಳಲು ಮನಸ್ಸು ಹಿಂಜರಿಯುವ ಒಂದು ಸಂಗತಿ. ರಬಕವಿ-ಬನಹಟ್ಟಿಯ ನೇಕಾರರ ಮನೆಯೊಂದರಲ್ಲಿ ಕುಬುಸದ ಕಾರ್ಯಕ್ಕೆ ಹೋಗಿದ್ದೆವು. ಮೂವತ್ತು ನಲವತ್ತು ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಕೂತಿದ್ದರು. ಮನೆಯ ಮಗಳು ತನ್ನ ಮೊಬೈಲಿನಿಂದ ಮದುವೆಯ ಫೋಟೋಗಳನ್ನು ಟೀವಿಗೆ ಕನ್ನಡಿ ಹಿಡಿದು ತೋರಿಸುತ್ತಿದ್ದಳು. ನಗೆ ಮಾತು ನಡೆದಿರುವಷ್ಟರಲ್ಲಿ ಚಿತ್ರದ ನೆತ್ತಿಯ ಮೇಲೆ, ಗೇಣುದ್ದದ ಅಕ್ಷರಗಳಲ್ಲಿ, ಮಗ್ಗದ ಸಾಲದ ಎರಡು ಕಂತುಗಳು ತಪ್ಪಿವೆ ಎಂಬ ಸಂದೇಶವು ಬಂದು ನಿಂತಿತು. ಓದುಬಾರದವರಿಗೂ ಪಕ್ಕದವರು ಓದಿ ಹೇಳಿದರು. ಆ ಮಗಳು ಒಳಗೆ ಹೋದವಳು ಆರತಿಯ ಹೊತ್ತಿಗೂ ಹೊರಗೆ ಬರಲಿಲ್ಲ.

ಕನ್ನಡಿಯು ಕಂಡದ್ದನ್ನೆಲ್ಲ ತೋರಿಸುವದು. ಇಂಥದು ತೋರಿಸು, ಇಂಥದು ಮುಚ್ಚು ಎಂಬ ಮರ್ಯಾದೆ ಅದಕ್ಕಿಲ್ಲ. ಬರುವ ಸಂದೇಶ, ಬ್ಯಾಂಕಿನ ಒಟಿಪಿ, ಬೆರಳು ತಪ್ಪಿ ಸರಿದ ಖಾಸಗಿ ಫೋಟೋ, ಎಲ್ಲವೂ ಗೋಡೆಯ ಮೇಲೆ ಬರುವವು. ಚೀಟಿಯ ದಾರಿಯಲ್ಲಿ ಈ ಭಯವಿಲ್ಲ. ಆದ್ದರಿಂದ ನಾಲ್ಕು ಜನರೆದುರು ತೋರಿಸುವಾಗ ಫೋಟೋಗಳಿಗೂ ಕಾಸ್ಟ್ ಗುರುತು ಇದ್ದರೆ ಅದನ್ನೇ ಬಳಸಬೇಕು. ಕನ್ನಡಿಯೇ ಬೇಕಾದರೆ ಮುಂಚಿತವಾಗಿ ಡು ನಾಟ್ ಡಿಸ್ಟರ್ಬ್ ಎಂಬುದನ್ನು ಹಚ್ಚಿ, ಸಂದೇಶಗಳು ತೆರೆಯ ಮೇಲೆ ಮೂಡದಂತೆ ಅದರಲ್ಲಿಯೇ ಗೊತ್ತುಮಾಡಿ ಇಡಬೇಕು. ಓಣಿಯಲ್ಲಿ ಒಂದೇ ಕಂಪನಿಯ ಎರಡು ಮೂರು ಟೀವಿಗಳಿದ್ದರೆ ಹೆಸರೂ ಒಂದೇ ತೆರನಾಗಿ ಕಾಣುವದರಿಂದ, ನಮ್ಮ ಟೀವಿಗೆ ಸೆಟ್ಟಿಂಗಿನಲ್ಲಿ ಬೇರೆ ಹೆಸರನ್ನು ಇಟ್ಟುಕೊಳ್ಳುವದು ಒಳ್ಳೆಯದು. ಇಲ್ಲವಾದರೆ ನಮ್ಮ ಮನೆಯ ಚಿತ್ರವು ಪಕ್ಕದ ಮನೆಯ ಗೋಡೆಗೆ ಹೋದೀತು. ಮುಗಿದ ಮೇಲೆ ಡಿಸ್‌ಕನೆಕ್ಟ್ ಒತ್ತುವದನ್ನು ಮರೆಯಲಾಗದು.

ದೂರದಿಂದ ಯಾರೋ ಬ್ಯಾಂಕಿನವನೆಂದು ಹೇಳಿಕೊಂಡು ಕರೆಮಾಡಿ, ಒಂದು ಆ್ಯಪ್ ಇಳಿಸಿ ಸ್ಕ್ರೀನ್ ಶೇರ್ ಮಾಡಿರಿ ಎನ್ನುವನಲ್ಲ, ಅದೂ ಇದೇ ಕನ್ನಡಿ. ಇಲ್ಲಿ ಗೋಡೆಯ ಟೀವಿಗೆ ಹಿಡಿದದ್ದನ್ನು ಅಲ್ಲಿ ಕಳ್ಳನ ಕಣ್ಣಿಗೆ ಹಿಡಿದಂತೆ. ಬಂದ ಒಟಿಪಿಯನ್ನು ನಾವು ಬಾಯಿಬಿಟ್ಟು ಹೇಳದಿದ್ದರೂ ಅವನು ಓದಿಕೊಳ್ಳುವನು. ಹಾಗೆ ಮೋಸಹೋದವರು ನಾಚಿಕೊಂಡು ಕೂಡದೆ ೧೯೩೦ ಎಂಬ ಸಂಖ್ಯೆಗೆ ಕೂಡಲೆ ಕರೆಮಾಡಬೇಕು. ತಡವಾದಷ್ಟು ಹಣ ತಿರುಗಿ ಬರುವದು ಕಠಿಣ.

ಪುಣೆ ಬೆಂಗಳೂರುಗಳಲ್ಲಿರುವ ಮಕ್ಕಳ ಮುಖವನ್ನು ವಾಟ್ಸಾಪ್ ಕರೆಯಲ್ಲಿ ದೊಡ್ಡದಾಗಿ ನೋಡಬಯಸುವವರಿಗೆ ಒಂದು ಮಾತು. ಮುಖವು ಟೀವಿಯಲ್ಲಿ ಬಂದರೂ ಧ್ವನಿಯು ಬಹುಮಟ್ಟಿಗೆ ಮೊಬೈಲಿನಿಂದಲೇ ಬರುವದು. ಕ್ಯಾಮರಾ ಕೂಡ ಮೊಬೈಲಿನದೇ. ಟೀವಿಯನ್ನು ನೋಡುತ್ತ ಮಾತನಾಡಿದರೆ ಆಚೆಯ ಮಗಳಿಗೆ ತಾಯಿಯ ಕಿವಿ ಮಾತ್ರ ಕಾಣುವದು. ಮೊಬೈಲನ್ನು ಟೀವಿಯ ಕೆಳಗೆಯೇ ಆನಿಸಿ ನಿಲ್ಲಿಸಿದರೆ ಇಬ್ಬರಿಗೂ ಮುಖ ಕಂಡೀತು.

ಬೀಳಗಿಯ ಆ ಮನೆಯಲ್ಲಿ ಟೀವಿಗೂ ಮೊಬೈಲಿಗೂ ಮಿರಾಕಾಸ್ಟ್ ಇತ್ತು. ಮೊಮ್ಮಗನು ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಕೂಡಿಸಿದನು. ಮೊದಲು ಚಿತ್ರವು ನಡುವೆ ಕಿರಿದಾಗಿ ನಿಂತಿತು. ಮೊಬೈಲನ್ನು ಅಡ್ಡಲಾಗಿ ಹಿಡಿದೊಡನೆ ಗಾಜಿನ ತುಂಬ ಹರಡಿತು. ಬೇವಿನ ಗಿಡ, ಕಟ್ಟೆ, ಕಟ್ಟೆಯ ಹಿಂದೆ ಒಂದು ಮನೆ. ಅತ್ತೆಯವರು ಕೋಲೂರಿ ಎದ್ದು ಟೀವಿಯ ಹತ್ತಿರ ಹೋಗಿ ನಿಂತರು. ಮನೆಯ ಬಾಗಿಲನ್ನು ಇನ್ನೂ ದೊಡ್ಡದು ಮಾಡೆಂದರು. ಹುಡುಗನು ಎರಡು ಬೆರಳುಗಳಿಂದ ಅದನ್ನು ಅಗಲಿಸಿದನು. ಅವರು ಬಹಳ ಹೊತ್ತು ನೋಡಿ, ಗಾಜಿನ ಮೇಲೆ ಬೆರಳಿಟ್ಟು, “ಈ ಬಾಗಲಾ ತೇಗಿಂದು. ನೀರ ಬರೂಕಿಂತ ಮೊದಲ ನಿಮ್ಮ ಅಜ್ಜ ಕಿತ್ತಕೊಂಡ ಬಂದಾನ. ಹಿತ್ತಲದಾಗ ಐತಿ ನೋಡ, ದನಾ ಕಟ್ಟೂ ಕಡೆ” ಎಂದರು. ಮೊಮ್ಮಗನು ಮೊಬೈಲನ್ನು ನಮ್ಮ ಕೈಗೆ ಕೊಟ್ಟು ಹಿತ್ತಲಕ್ಕೆ ಹೋದನು.